ಮೊದಲ ಸೈಕೋಸಿಸ್ ಆದಮೇಲೆ ನನ್ನ ತಲೆಯನ್ನು ಅಳೆದ ಕಥೆ

ಸೈಕೋಸಿಸ್ ಎಂದರೆ ಇಲ್ಲದ ಧ್ವನಿ ಕೇಳಿಸುವುದು, ಇಲ್ಲದ್ದನ್ನು ನಿಜವೆಂದು ನಂಬುವುದು, ಹೀಗೆ ವಾಸ್ತವದ ಹಿಡಿತ ತಪ್ಪುವುದು. ನನಗೆ ಕೇಳಿಸುತ್ತಿದ್ದ ಧ್ವನಿಗಳು ನಿಂತವು. ಆದರೆ ತಲೆ ಮೊದಲಿನ ಹಾಗೆ ಓಡಲಿಲ್ಲ. ಒಂದು ಪುಟ ಓದಿ ಕೆಳಗೆ ಬರುವಷ್ಟರಲ್ಲಿ ಮೇಲೆ ಏನಿತ್ತು ಅನ್ನೋದು ಮರೆತುಹೋಗುತ್ತಿತ್ತು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ, ನಾನು ಒಂದು ಮಾತು ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಅವರು ಇನ್ನೆಲ್ಲಿಗೋ ಹೋಗಿರುತ್ತಿದ್ದರು. ಮನೆಯವರ ಲೆಕ್ಕದಲ್ಲಿ ನಾನು ಹುಷಾರಾಗಿದ್ದೆ. ಆಸ್ಪತ್ರೆಯ ಫೈಲಿನಲ್ಲೂ ಹಾಗೇ ಇತ್ತು: ಧ್ವನಿ ಕೇಳಿಸುತ್ತಿಲ್ಲ, ಅನುಮಾನ ಇಲ್ಲ, ನಿದ್ದೆ ಚೆನ್ನಾಗಿದೆ. ತಲೆ ನಿಧಾನ ಆಗಿದೆ ಎಂದು ನಾನು ಹೇಳಿದಾಗಲೆಲ್ಲ ‘ಸರಿಹೋಗುತ್ತೆ ಬಿಡಿ’ ಎಂಬ ಉತ್ತರ ಬರುತ್ತಿತ್ತು.

ಹಾಗಾಗಿ, ಸೈಕೋಸಿಸ್‌ನ ಆರಂಭದ ಹಂತದಲ್ಲಿರುವವರ ಮೇಲೆ ಒಂದು ಸಂಶೋಧನೆ ನಡೀತಾ ಇದೆ, ಸೇರ್ತೀರಾ ಎಂದು ಕೇಳಿದಾಗ ತಕ್ಷಣ ಹೂಂ ಎಂದೆ. ನೆನಪು, ಗಮನ, ಮೆದುಳಿನ ಅಲೆಗಳು, ರಕ್ತ, ಸ್ಕ್ಯಾನ್ ಎಲ್ಲವನ್ನೂ ನೋಡುತ್ತಾರಂತೆ. ನನ್ನ ಆಸೆ ಸರಳವಾಗಿತ್ತು. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಒಂದು ಸಂಖ್ಯೆ ಸಿಗುತ್ತದಲ್ಲ, ನನಗೂ ಅಂಥದ್ದೊಂದು ಸಂಖ್ಯೆ ಬೇಕಿತ್ತು. ಇದೆ ಅಥವಾ ಇಲ್ಲ ಎಂದು ಯಾರಾದರೂ ಕಾಗದದ ಮೇಲೆ ಬರೆದುಕೊಡಲಿ ಅನ್ನಿಸಿತ್ತು.

ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ ಆ ಆಸೆಗೆ ತಣ್ಣೀರು ಬಿತ್ತು. ಈ ಯಾವ ಪರೀಕ್ಷೆಯಿಂದಲೂ ಸೈಕೋಸಿಸ್ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಆಗುವುದಿಲ್ಲ, ಅದನ್ನು ಇವತ್ತಿಗೂ ಮಾತಾಡಿಸಿ, ಗಮನಿಸಿಯೇ ನಿರ್ಧರಿಸುವುದು ಎಂದು ಸ್ಪಷ್ಟವಾಗಿ ಬರೆದಿತ್ತು. ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಚಿಕಿತ್ಸೆಗೆ ತೊಂದರೆ ಆಗುವುದಿಲ್ಲ ಎಂದೂ ಇತ್ತು. ಜೀನ್ ಪರೀಕ್ಷೆಗೆ ಬೇರೆ ಸಹಿ. ಸ್ಕ್ಯಾನಿನಲ್ಲಿ ಹುಡುಕದೇ ಇರುವ ಇನ್ನೇನೋ ಸಿಕ್ಕರೆ ನಿಮಗೆ ತಿಳಿಸಬೇಕಾ ಎಂಬ ಪ್ರಶ್ನೆಗೂ ಬೇರೆ ಸಹಿ. ಈ ಕೊನೆಯದರ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಅನುಮಾನದ ಕಾಯಿಲೆಯಿಂದ ಆಗಷ್ಟೇ ಎದ್ದು ಬಂದವರಿಗೆ ‘ನಿಮ್ಮ ತಲೆಯೊಳಗೆ ಬೇರೆ ಏನೋ ಕಾಣಿಸಬಹುದು’ ಎನ್ನುವ ವಾಕ್ಯ ಓದಲು ಅಷ್ಟು ಸುಲಭವಲ್ಲ. ಕೊನೆಗೆ ತಿಳಿಸಿ ಎಂದೇ ಸಹಿ ಮಾಡಿದೆ.

ಶುರುವಾಗಿದ್ದು ಮಾತುಕತೆಯಿಂದ. ಪ್ಯಾನ್ಸ್ ಎಂಬ ಅಳತೆಪಟ್ಟಿ ಇದೆ, 1987ರಿಂದ ಬಳಕೆಯಲ್ಲಿದೆ. ಅದರಲ್ಲಿ 30 ಅಂಶಗಳು. ಭ್ರಮೆ, ಅನುಮಾನ, ಭಾವನೆ ಮಂಕಾಗುವುದು, ಜನರಿಂದ ದೂರ ಸರಿಯುವುದು, ಹೀಗೆ. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಸೊನ್ನೆ ಇಲ್ಲದ ಕಾರಣ ಯಾವ ತೊಂದರೆಯೂ ಇಲ್ಲದವರಿಗೂ 30 ಅಂಕ ಬಂದೇ ಬರುತ್ತದೆ. ಇದನ್ನು ಕೇಳಿ ನಗು ಬಂತು, ಸ್ವಲ್ಪ ಸಮಾಧಾನವೂ ಆಯಿತು.

ಆಮೇಲೆ ಕಾಲರೇಖೆ ಬರೆಸಿದರು. ಮೊದಲ ಧ್ವನಿ ಯಾವಾಗ ಕೇಳಿಸಿತು, ಮೊದಲ ಮಾತ್ರೆ ಯಾವಾಗ ನುಂಗಿದಿರಿ, ನಡುವೆ ಎಷ್ಟು ಕಾಲ ಹೋಯಿತು. ಚಿಕಿತ್ಸೆ ಇಲ್ಲದೆ ಕಳೆದ ಆ ಕಾಲ ಉದ್ದವಾದಷ್ಟೂ ಚೇತರಿಕೆ ಕಷ್ಟವಾಗುವುದು ಜಾಸ್ತಿ. ಹಾಗಾಗಿ ಅದನ್ನು ಕೆದಕಿ ಕೆದಕಿ ಕೇಳುತ್ತಾರೆ. ಅಮ್ಮನನ್ನೂ ಕೂರಿಸಿಕೊಂಡು ಕೇಳಿದರು. ಧ್ವನಿಗಳು ಬರುವುದಕ್ಕೆ ಬಹಳ ಮೊದಲೇ ಓದಿನಲ್ಲಿ ನನ್ನ ಅಂಕಗಳು ಇಳಿದಿದ್ದವು, ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುತ್ತಿದ್ದೆ ಎಂದು ಅಮ್ಮ ಹೇಳಿದಾಗ ನನಗೇ ಆಶ್ಚರ್ಯ. ಆಗ ಎಲ್ಲರೂ ಅದನ್ನು ಸೋಮಾರಿತನ ಎಂದುಕೊಂಡಿದ್ದರು. ಸಂಶೋಧಕರಿಗೆ ಆಶ್ಚರ್ಯ ಆಗಲಿಲ್ಲ. ತುಂಬ ಜನರಲ್ಲಿ ಗಮನ, ನೆನಪು, ಯೋಚನೆಯ ವೇಗ ಮೊದಲೇ ಕುಗ್ಗಿರುತ್ತವೆ, ಧ್ವನಿ ಮತ್ತು ಭ್ರಮೆ ಆಮೇಲೆ ಬರುತ್ತವೆ ಎಂದರು. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್, ಈಗ ಸ್ಕಿಜೋಫ್ರೇನಿಯಾ ಎನ್ನುವ, ಸೈಕೋಸಿಸ್ ಕಾಣಿಸಿಕೊಳ್ಳುವ ದೀರ್ಘ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದಾಗಲೂ ಅವರ ಕಣ್ಣು ಇದ್ದದ್ದು ಬುದ್ಧಿಶಕ್ತಿಯ ಕುಸಿತದ ಮೇಲೆ. ಎಲ್ಲರಿಗೂ ಅದು ಇಳಿಯುತ್ತಲೇ ಹೋಗುತ್ತದೆ ಎಂಬ ಅವರ ನಿರಾಶೆ ಮಾತ್ರ ನಿಜವಾಗಲಿಲ್ಲ.

ರಕ್ತದ ವಿಷಯ ಬೇಗ ಹೇಳಿಬಿಡುತ್ತೇನೆ. ಅದರಲ್ಲಿ ಎರಡು ಬಗೆ. ಮೊದಲನೆಯದು ಸಂಶೋಧನೆಗಲ್ಲ, ಚಿಕಿತ್ಸೆಗೆ. ಥೈರಾಯ್ಡ್, ಬಿ12, ಸೋಂಕುಗಳು, ಸಕ್ಕರೆ, ಕೊಬ್ಬು. ಸೈಕೋಸಿಸ್ ಹಾಗೆ ಕಾಣುವ ಬೇರೆ ಕಾಯಿಲೆ ಇದೆಯಾ ಎಂದು ನೋಡಲು ಕೆಲವು, ಮಾತ್ರೆಯಿಂದ ತೂಕ ಮತ್ತು ಸಕ್ಕರೆ ಏರುತ್ತಿವೆಯಾ ಎಂದು ನೋಡಲು ಕೆಲವು. ಇದರಲ್ಲಿ ಒಂದು ಪರೀಕ್ಷೆ ನನ್ನನ್ನು ತುಂಬ ಹಿಡಿದಿಟ್ಟಿತು. ಮೆದುಳಿನಲ್ಲಿ ಎನ್‌ಎಂಡಿಎ ಎಂಬ ಗ್ರಾಹಕಗಳಿವೆ, ನರಕೋಶಗಳು ಸಂದೇಶ ಹಿಡಿಯಲು ಬಳಸುವ ಅಣುಗಳು. ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅವುಗಳ ಮೇಲೆ ತಿರುಗಿಬೀಳುತ್ತದೆ. 2007ರಲ್ಲಿ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಎಷ್ಟೋ ಸಲ ಇದು ಶುರುವಾಗುವುದೇ ಥೇಟ್ ಸೈಕೋಸಿಸ್ ಥರ. ಆಮೇಲೆ ಫಿಟ್ಸ್, ಕೈಕಾಲಿನ ವಿಚಿತ್ರ ಚಲನೆ, ಜ್ಞಾನ ತಪ್ಪುವುದು ಬರುತ್ತವೆ. ಇದಕ್ಕೆ ಔಷಧಿಯೇ ಬೇರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದ್ದು. ನಾನು ಹುಡುಕುತ್ತಿದ್ದ ‘ಇದೆ ಅಥವಾ ಇಲ್ಲ’ ಎಂಬ ಉತ್ತರ ಸಿಗುವ ಜಾಗ ಇದೊಂದೇ ಇರಬೇಕು. ನನ್ನ ಉತ್ತರ ‘ಇಲ್ಲ’ ಎಂದು ಬಂತು.

ಎರಡನೆಯ ಬಗೆ ಸಂಶೋಧನೆಗೆ. ಸಿಆರ್‌ಪಿ, ಇಂಟರ್‌ಲ್ಯೂಕಿನ್-6 ಥರದ, ಉರಿಯೂತ ತೋರಿಸುವ ವಸ್ತುಗಳು. ಮೊದಲ ಸಲ ಸೈಕೋಸಿಸ್ ಆದವರ ಗುಂಪಿನಲ್ಲಿ ಇವುಗಳ ಸರಾಸರಿ ಸ್ವಲ್ಪ ಮೇಲಿರುತ್ತದೆ. ಆದರೆ ನೆಗಡಿಯಾದರೂ ಏರುತ್ತದೆ, ತೂಕ ಜಾಸ್ತಿ ಇದ್ದರೂ ಏರುತ್ತದೆ, ಸಿಗರೇಟಿನಿಂದಲೂ ಏರುತ್ತದೆ. ಆದ್ದರಿಂದ ಒಬ್ಬರ ಸಂಖ್ಯೆ ನೋಡಿ ಏನೂ ಹೇಳಲು ಬರುವುದಿಲ್ಲ. ಎಂಜಲು ಸಂಗ್ರಹಿಸುವ ಕೊಳವೆಗಳನ್ನೂ ಮನೆಗೆ ಕೊಟ್ಟು ಕಳಿಸಿದರು. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಒಂದು, ಆಮೇಲೆ ಒಂದು ಗಂಟೆಯವರೆಗೆ ಕಾಲು ಗಂಟೆಗೊಂದು. ಎದ್ದ ಮೇಲೆ ಮೊದಲ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುವುದು ಸಹಜ. ನಮ್ಮಂಥವರ ಗುಂಪಿನಲ್ಲಿ ಆ ಏರಿಕೆ ಸರಾಸರಿಗಿಂತ ಮಂದ. ನಿದ್ದೆಗಣ್ಣಿನಲ್ಲಿ ಕೊಳವೆಗೆ ಉಗುಳುತ್ತಾ ಗಡಿಯಾರ ನೋಡುವುದು ಇಡೀ ಸಂಶೋಧನೆಯಲ್ಲೇ ಅತ್ಯಂತ ಕಿರಿಕಿರಿಯ ಕೆಲಸ. ಮುಂದೋಳಿಗೆ ನಯಾಸಿನ್ (ಬಿ3 ವಿಟಮಿನ್) ಅಂಶ ಇರುವ ಪಟ್ಟಿಯನ್ನೂ ಹಚ್ಚಿದರು. ಸಾಮಾನ್ಯವಾಗಿ ಅದು ತಗುಲಿದ ಚರ್ಮ ಕೆಂಪಾಗುತ್ತದೆ. ಸ್ಕಿಜೋಫ್ರೇನಿಯಾ ಇರುವ ಕೆಲವರಿಗೆ ಅಷ್ಟಾಗಿ ಕೆಂಪಾಗುವುದಿಲ್ಲ. ನನ್ನ ಕೈ ಚೆನ್ನಾಗಿಯೇ ಕೆಂಪಾಯಿತು. ಖುಷಿ ಪಡಬೇಕಾ ಬೇಡವಾ ಗೊತ್ತಾಗಲಿಲ್ಲ.

ನನಗೆ ನಿಜವಾಗಿ ಬೇಕಾಗಿದ್ದದ್ದು ಸಿಕ್ಕಿದ್ದು ಬುದ್ಧಿಶಕ್ತಿಯ ಪರೀಕ್ಷೆಗಳ ಕೋಣೆಯಲ್ಲಿ. ಮೇಜು, ಎರಡು ಕುರ್ಚಿ, ಒಂದು ಸ್ಟಾಪ್‌ವಾಚ್. ಅವರು ಬಳಸಿದ್ದು ಮ್ಯಾಟ್ರಿಕ್ಸ್ ಎಂಬ ಪರೀಕ್ಷಾಗುಚ್ಛ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಯೋಜನೆಯಲ್ಲಿ ತಯಾರಾದದ್ದು. ಸ್ಕಿಜೋಫ್ರೇನಿಯಾದಲ್ಲಿ ಬುದ್ಧಿಶಕ್ತಿಯನ್ನು ಎಲ್ಲರೂ ಒಂದೇ ರೀತಿ ಅಳೆಯಲಿ, ಅದನ್ನು ಸುಧಾರಿಸುವ ಔಷಧಿ ಹುಡುಕಲು ಅನುಕೂಲವಾಗಲಿ ಎಂಬುದು ಉದ್ದೇಶ. 10 ಪರೀಕ್ಷೆ, 7 ಸಾಮರ್ಥ್ಯಗಳು.

ಮೊದಲನೆಯದು ಸುಲಭ ಎನಿಸಿತು. ಕಾಗದದ ಮೇಲೆ ಚೆಲ್ಲಾಪಿಲ್ಲಿಯಾಗಿರುವ 1ರಿಂದ 25ರವರೆಗಿನ ಸಂಖ್ಯೆಗಳನ್ನು ಗೆರೆ ಎಳೆದು ಸೇರಿಸಬೇಕು. ಎಳೆದೆ. ಆಮೇಲೆ ಬಂತು ಚಿಹ್ನೆಗಳ ಪರೀಕ್ಷೆ. ಮೇಲೆ ಒಂದು ಪಟ್ಟಿ. ಅದರಲ್ಲಿ ಯಾವ ಚಿಹ್ನೆಗೆ ಯಾವ ಅಂಕಿ ಎಂದು ಕೊಟ್ಟಿರುತ್ತಾರೆ. ಕೆಳಗೆ ಬರೀ ಚಿಹ್ನೆಗಳ ಸಾಲು. 90 ಸೆಕೆಂಡಿನಲ್ಲಿ ಆದಷ್ಟು ಚಿಹ್ನೆಗಳಿಗೆ ಅಂಕಿ ತುಂಬಬೇಕು. ಕಷ್ಟವೇನಿಲ್ಲ, ಮಕ್ಕಳೂ ಮಾಡಬಹುದು. ನಾನು ಪ್ರತಿ ಚಿಹ್ನೆಗೂ ಮೇಲೆ ನೋಡಿ, ಕೆಳಗೆ ಬರೆದು, ಮತ್ತೆ ಮೇಲೆ ನೋಡಿ, ಇದೇ ಆಯಿತು. ಪಟ್ಟಿ ತಲೆಯಲ್ಲಿ ಕೂರಲೇ ಇಲ್ಲ. ಸಮಯ ಮುಗಿಯಿತು ಎಂದಾಗ ಹಾಳೆಯ ತುಂಬ ಖಾಲಿ ಮನೆಗಳು. ಸೈಕೋಸಿಸ್ ಆದವರ ಗುಂಪು ಬೇರೆಯವರಿಗಿಂತ ಅತಿ ಹೆಚ್ಚು ಹಿಂದೆ ಬೀಳುವ ಪರೀಕ್ಷೆಗಳಲ್ಲಿ ಇದು ಮುಖ್ಯವಾದದ್ದು ಎಂದು ಆಮೇಲೆ ತಿಳಿಯಿತು. ಯಾಕೆಂದರೆ ಇದರಲ್ಲಿ ಕಣ್ಣು, ಕೈ, ನೆನಪು, ಗಮನ ಎಲ್ಲವೂ ಒಂದೇ ಹೊತ್ತಿಗೆ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಬೇಕು. ಎಲ್ಲಿ ಸಣ್ಣ ತಡವಾದರೂ ಅದು ಲೆಕ್ಕಕ್ಕೆ ಬರುತ್ತದೆ.

ಪದಗಳ ಪರೀಕ್ಷೆಯಲ್ಲಿ 12 ಪದ ಓದುತ್ತಾರೆ, ವಾಪಸ್ಸು ಹೇಳಬೇಕು. ಮೂರು ಸಲ ಇದೇ ಪಟ್ಟಿ. ಆ ಪದಗಳು ಮೂರು ಗುಂಪಿಗೆ ಸೇರಿರುತ್ತವೆ, ಆದರೆ ಕಲಸಿ ಓದುತ್ತಾರೆ. ಹೆಚ್ಚಿನವರು ತಮಗೇ ಗೊತ್ತಿಲ್ಲದೆ ಗುಂಪು ಮಾಡಿಕೊಂಡು ನೆನಪಿಟ್ಟುಕೊಳ್ಳುತ್ತಾರಂತೆ. ನನಗೆ ಗುಂಪುಗಳಿವೆ ಎಂಬುದೇ ಹೊಳೆಯಲಿಲ್ಲ. ಮುಗಿದ ಮೇಲೆ ಪರೀಕ್ಷಕಿ ಇದನ್ನು ಹೇಳಿದಾಗ ಏನೋ ಒಂದು ತಿಳಿಯಾಯಿತು. ಪುಟ ಓದಿ ಮರೆಯುತ್ತಿದ್ದೆನಲ್ಲ, ಅದು ನೆನಪು ಸೋರಿಹೋಗಿದ್ದಕ್ಕಿಂತ, ಒಳಗೆ ಹಾಕುವಾಗಲೇ ಜೋಡಿಸಿ ಇಡದೇ ಇದ್ದದ್ದು. ಇದಕ್ಕೆ ಏನಾದರೂ ಮಾಡಬಹುದು ಅಲ್ವಾ ಎಂದೆ. ಮಾಡಬಹುದು ಎಂದರು.

ಇನ್ನು ಕೆಲವು: ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳುವುದು, ಅಕ್ಷರ ಮತ್ತು ಅಂಕಿ ಕಲಸಿ ಹೇಳಿದ್ದನ್ನು ವಿಂಗಡಿಸಿ ಕ್ರಮವಾಗಿ ಹೇಳುವುದು, ದಾರಿ ಹುಡುಕುವ ಚಕ್ರವ್ಯೂಹಗಳು, ಪರದೆ ಮೇಲೆ ಮಿಂಚಿ ಹೋಗುವ ಸಂಖ್ಯೆ ಹಿಂದಿನದ್ದೇ ಆಗಿದ್ದರೆ ಗುಂಡಿ ಒತ್ತುವುದು. ಕೊನೆಯದರಲ್ಲಿ ನಿದ್ದೆ ಬಂತು. ಆಕಾರಗಳನ್ನು ನೋಡಿ ನೆನಪಿನಿಂದ ಬಿಡಿಸುವುದರಲ್ಲಿ ನಾನು ಚೆನ್ನಾಗಿದ್ದೆ.

ಗುಚ್ಛದಲ್ಲಿ ಇಲ್ಲದ ಒಂದು ಆಟವನ್ನೂ ಆಡಿಸಿದರು. ಅದರ ಬಗ್ಗೆ ಈಗಲೂ ಯೋಚಿಸುತ್ತಿರುತ್ತೇನೆ. ಎರಡು ಜಾಡಿಗಳು. ಒಂದರಲ್ಲಿ 60 ಕೆಂಪು ಮಣಿ, 40 ನೀಲಿ. ಇನ್ನೊಂದರಲ್ಲಿ ತಿರುಗಾಮುರುಗಾ. ಕಣ್ಣಿಗೆ ಕಾಣದ ಹಾಗೆ ಒಂದು ಜಾಡಿಯನ್ನು ಆರಿಸಿ ಒಂದೊಂದೇ ಮಣಿ ತೆಗೆದು ತೋರಿಸುತ್ತಾರೆ. ಯಾವ ಜಾಡಿ ಎಂದು ಖಚಿತ ಅನಿಸಿದಾಗ ಹೇಳಬೇಕು. ಎಷ್ಟು ಮಣಿ ಬೇಕಾದರೂ ಕೇಳಬಹುದು. ನಾನು ಎರಡು ಕೆಂಪು ಮಣಿ ನೋಡಿ ಕೆಂಪು ಜಾಡಿ ಎಂದೆ. ಲೆಕ್ಕ ಹಾಕಿದರೆ ಎರಡು ಕೆಂಪು ಬಂದಾಗ ಅದು ಕೆಂಪು ಜಾಡಿ ಆಗಿರುವ ಸಾಧ್ಯತೆ ಸುಮಾರು 69 ಶೇಕಡ. ಅಂದರೆ ಹತ್ತರಲ್ಲಿ ಮೂರು ಸಲ ತಪ್ಪು. ನನಗೆ ಒಳಗೆ ನೂರಕ್ಕೆ ನೂರು ಎನಿಸಿತ್ತು. ಭ್ರಮೆಗಳಿರುವವರು ಕಡಿಮೆ ಮಣಿ ನೋಡಿ ತೀರ್ಮಾನಕ್ಕೆ ಹಾರುತ್ತಾರೆ ಎಂದು 1988ರಲ್ಲೇ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಈ ಆಟದಿಂದ ತೋರಿಸಿದ್ದರು. ಕಾಯಿಲೆ ಜೋರಾಗಿದ್ದಾಗ ರಸ್ತೆಯಲ್ಲಿ ಇಬ್ಬರು ಒಟ್ಟಿಗೆ ನನ್ನ ಕಡೆ ತಿರುಗಿದರೆ ಸಾಕಿತ್ತು, ನನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂಬುದು ಇತ್ಯರ್ಥವಾಗಿಬಿಡುತ್ತಿತ್ತು. ಅಲ್ಲೂ ಎರಡೇ ಮಣಿ.

ಇನ್ನೊಂದು ಮೋಜು. ಮುಖವಾಡದ ಹಿಂಭಾಗವನ್ನು, ಅಂದರೆ ಒಳಕ್ಕೆ ತಗ್ಗಾಗಿರುವ ಮುಖವನ್ನು ತೋರಿಸಿದರೆ ಹೆಚ್ಚಿನವರಿಗೆ ಅದು ಉಬ್ಬಿದ ಮುಖವಾಗಿಯೇ ಕಾಣುತ್ತದೆ. ಮುಖ ಎಂದರೆ ಉಬ್ಬಿರಲೇಬೇಕು ಎಂದು ಮೆದುಳು ಮೊದಲೇ ನಿರ್ಧರಿಸಿರುತ್ತದೆ. ಸ್ಕಿಜೋಫ್ರೇನಿಯಾ ಇರುವ ಹಲವರು ಇದಕ್ಕೆ ಮೋಸ ಹೋಗುವುದಿಲ್ಲ, ತಗ್ಗನ್ನು ತಗ್ಗಾಗಿಯೇ ಕಾಣುತ್ತಾರೆ. ನನಗೂ ತಗ್ಗಾಗಿ ಕಂಡಿತು. ನಾವು ಗೆಲ್ಲುವ ಪರೀಕ್ಷೆಯೂ ಒಂದಿದೆ ಎಂದು ತಮ್ಮನ ಹತ್ತಿರ ಜಂಬ ಕೊಚ್ಚಿಕೊಂಡೆ.

ತಮ್ಮನೂ ಬಂದಿದ್ದ, ಹೋಲಿಕೆಗೆ. ಒಡಹುಟ್ಟಿದವರಲ್ಲಿ ಕಾಯಿಲೆ ಇಲ್ಲದಿದ್ದರೂ ಇದೇ ಗುರುತುಗಳು ತೆಳುವಾಗಿ ಕಾಣಿಸಬಹುದು. ಚಲಿಸುವ ಚುಕ್ಕೆಯನ್ನು ಕಣ್ಣು ನಯವಾಗಿ ಹಿಂಬಾಲಿಸಲಾಗದೆ ಜಿಗಿಜಿಗಿದು ಹೋಗುವುದು ಅಂಥದ್ದೊಂದು ಗುರುತು. ರೋಗಿಗಳಲ್ಲಿ ಇದನ್ನು 1908ರಲ್ಲೇ ದಾಖಲಿಸಿದ್ದಾರೆ. ನಮ್ಮಿಬ್ಬರ ಕಣ್ಣಿನ ಚಲನೆಯನ್ನೂ ಕ್ಯಾಮೆರಾದಲ್ಲಿ ಹಿಡಿದರು. ಚುಕ್ಕೆ ಬಲಕ್ಕೆ ಬಂದರೆ ಎಡಕ್ಕೆ ನೋಡಿ ಎಂಬುದನ್ನು ಒಮ್ಮೆ ಮಾಡಿ ನೋಡಿ, ಆರೋಗ್ಯವಂತರಿಗೂ ಅದು ಸುಲಭವಲ್ಲ. ತಮ್ಮ ಎಡವಿದಾಗ ನಾನು ಸುಮ್ನೆ ಇರಲಿಲ್ಲ.

ಮೆದುಳಿನ ಅಲೆಗಳನ್ನು ಅಳೆಯುವ ಇಇಜಿಯ ದಿನ ತಲೆಗೆ ಎಲೆಕ್ಟ್ರೋಡ್‌ಗಳಿರುವ ಟೋಪಿ ಹಾಕಿ, ಒಂದೊಂದರ ಕೆಳಗೂ ಜೆಲ್ ತುಂಬಿದರು. ಇದಕ್ಕೇ ತುಂಬ ಹೊತ್ತು ಬೇಕು. ನನಗೆ ಆತಂಕ ಇತ್ತು. ನನ್ನ ಯೋಚನೆಗಳನ್ನು ಯಾರೋ ಓದುತ್ತಿದ್ದಾರೆ ಎಂದು ಎಷ್ಟೋ ದಿನ ನಂಬಿದ್ದವರ ತಲೆಗೆ ತಂತಿ ಕಟ್ಟುವುದು ಅಂದರೆ! ತಂತ್ರಜ್ಞೆಗೆ ಇದು ಹೊಸದಿರಲಿಲ್ಲ ಅನಿಸುತ್ತದೆ. ಪರದೆಯನ್ನು ನನ್ನ ಕಡೆ ತಿರುಗಿಸಿ, ಕಣ್ಣು ಮಿಟುಕಿಸಿ ಎಂದರು. ಗೆರೆಗಳು ದೊಡ್ಡದಾಗಿ ಕುಣಿದವು. ಹಲ್ಲು ಕಚ್ಚಿ ಎಂದರು. ಗೆರೆಗಳು ಕಪ್ಪು ಪಟ್ಟಿಯಾದವು. ‘ಇದರಲ್ಲಿ ಕಾಣುವುದು ಇಷ್ಟೇ. ಯೋಚನೆ ಓದೋಕೆ ಬರಲ್ಲ, ಹಲ್ಲು ಕಚ್ಚಿದರೆ ಅಲೆಯನ್ನೂ ಓದೋಕೆ ಬರಲ್ಲ’ ಎಂದರು. ಆ ಒಂದು ನಿಮಿಷದ ಪ್ರದರ್ಶನದಿಂದ ಸಿಕ್ಕ ಧೈರ್ಯ ಯಾವ ಒಪ್ಪಿಗೆ ಪತ್ರದಿಂದಲೂ ಸಿಕ್ಕಿರಲಿಲ್ಲ. ಇಂಥ ಕೆಲಸ ಮಾಡುವವರೆಲ್ಲ ಇದನ್ನು ಕಲಿಯಬೇಕು.

ಆಮೇಲೆ ಮಾಡುವುದು ಏನೂ ಇಲ್ಲ. ಸದ್ದಿಲ್ಲದ ವಿಡಿಯೋ ನೋಡುತ್ತಾ ಕೂರಬೇಕು. ಕಿವಿಯಲ್ಲಿ ಬೀಪ್, ಬೀಪ್, ಬೀಪ್. ನಡುವೆ ಅಪರೂಪಕ್ಕೆ ಒಂದು ಬೀಪ್ ಸ್ವಲ್ಪ ಉದ್ದ. ನೀವು ಗಮನ ಕೊಡದಿದ್ದರೂ ಮೆದುಳು ಆ ವ್ಯತ್ಯಾಸವನ್ನು ಹಿಡಿಯುತ್ತದೆ. 100ರಿಂದ 250 ಮಿಲಿಸೆಕೆಂಡಿನ ಒಳಗೆ ಅಲೆಯಲ್ಲಿ ಒಂದು ತಗ್ಗು ಕಾಣಿಸುತ್ತದೆ. ಮಿಸ್‌ಮ್ಯಾಚ್ ನೆಗೆಟಿವಿಟಿ ಎನ್ನುತ್ತಾರೆ. ಫಿನ್ಲೆಂಡಿನ ರಿಸ್ತೋ ನಾಟಾನೆನ್ ಮತ್ತು ಸಂಗಡಿಗರು 1978ರಲ್ಲಿ ವಿವರಿಸಿದ್ದು. ಸ್ಕಿಜೋಫ್ರೇನಿಯಾ ಬಹಳ ಕಾಲದಿಂದ ಇರುವವರಲ್ಲಿ ಈ ತಗ್ಗು ಚಿಕ್ಕದಾಗಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಆಗಷ್ಟೇ ಕಾಯಿಲೆ ಶುರುವಾದವರಲ್ಲಿ ಫಲಿತಾಂಶ ಅಷ್ಟು ಒಂದೇ ಥರ ಇಲ್ಲ. ನನಗೆ ಕುತೂಹಲ ಎನಿಸಿದ್ದು ಬೇರೆ. ಆರೋಗ್ಯವಂತರಿಗೆ ಕೆಟಮಿನ್ ಎಂಬ ಅರಿವಳಿಕೆ ಔಷಧಿ ಕೊಟ್ಟರೂ ಈ ಅಲೆ ಕುಗ್ಗುತ್ತದೆ. ಕೆಟಮಿನ್ ತಡೆಯುವುದು ಅದೇ ಎನ್‌ಎಂಡಿಎ ಗ್ರಾಹಕಗಳನ್ನು. ರಕ್ತದ ಕೋಣೆಯಲ್ಲಿ ಕೇಳಿದ ಹೆಸರು ಇಲ್ಲಿ ಮತ್ತೆ ಬಂತು. ಬಿಡಿಬಿಡಿಯಾಗಿ ಕಾಣುತ್ತಿದ್ದ ಈ ಎರಡು ಪರೀಕ್ಷೆಗಳ ಹಿಂದೆ, ಆ ಗ್ರಾಹಕಗಳ ಕೆಲಸ ಕುಗ್ಗಿರಬಹುದು ಎಂಬ ಒಂದೇ ಊಹೆ ಇದೆ ಎಂದು ಆಗ ಗೊತ್ತಾಯಿತು.

ಎಂಆರ್‌ಐ ನನಗೆ ಹಿಡಿಸಲಿಲ್ಲ. ಕಿವಿಗೆ ಮುಚ್ಚಳ ಇದ್ದರೂ ಸದ್ದು ಎಲುಬಿನೊಳಗೆ ಬರುತ್ತದೆ. ಆ ಲಯದ ಸದ್ದಿನೊಳಗೆ ಮಾತು ಕೇಳಿಸಿದ ಹಾಗಾಯಿತು. ಕೈಯಲ್ಲಿದ್ದ ಗುಂಡಿ ಒತ್ತಿ ಹೊರಗೆ ಬಂದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಕೂತು ಮತ್ತೆ ಒಳಗೆ ಹೋಗಿ ಮುಗಿಸಿದೆ. ವರದಿ ಬಂತು: ಸಹಜವಾಗಿದೆ. 1976ರಲ್ಲಿ ಲಂಡನ್ನಿನ ಈವ್ ಜಾನ್‌ಸ್ಟನ್ ತಂಡ ಸಿಟಿ ಸ್ಕ್ಯಾನ್ ಬಳಸಿ, ಬಹಳ ವರ್ಷಗಳಿಂದ ಕಾಯಿಲೆ ಇದ್ದವರ ಮೆದುಳಿನ ದ್ರವದ ಕೋಣೆಗಳು ದೊಡ್ಡದಾಗಿವೆ ಎಂದು ತೋರಿಸಿತ್ತು. ಆಮೇಲೆ ಮೊದಲ ಹಂತದವರಲ್ಲೂ ಸಣ್ಣ ವ್ಯತ್ಯಾಸಗಳು ಸಿಕ್ಕವು. ಆದರೆ ಅವೆಲ್ಲ ನೂರಾರು ಜನರ ಸರಾಸರಿ. ಒಬ್ಬರ ಚಿತ್ರ ನೋಡಿ ಇವರಿಗೆ ಸೈಕೋಸಿಸ್ ಇದೆ ಎಂದು ಯಾವ ರೇಡಿಯಾಲಜಿಸ್ಟೂ ಹೇಳಲಾರರು. ಇಷ್ಟೆಲ್ಲ ಅನುಭವಿಸಿದ ಮೆದುಳು ಚಿತ್ರದಲ್ಲಿ ಏನೂ ಆಗಿಲ್ಲದ ಹಾಗೆ ಕೂತಿದ್ದು ನೋಡಿ ಸಿಟ್ಟೇ ಬಂತು ನನಗೆ.

ಸಂಶೋಧನೆಯ ಅಳತೆಗಳನ್ನು ಒಬ್ಬೊಬ್ಬರಿಗೆ ಹೇಳುವುದಿಲ್ಲ. ಹೇಳಿದರೂ ಅರ್ಥವಿಲ್ಲ. ಬುದ್ಧಿಶಕ್ತಿಯ ಅಂಕಗಳನ್ನು ಮಾತ್ರ ಕೂರಿಸಿ ವಿವರಿಸಿದರು. 50 ಎಂದರೆ ಸರಾಸರಿ, 40ರಿಂದ 60ರೊಳಗೆ ಮೂರರಲ್ಲಿ ಎರಡು ಪಾಲು ಜನ ಬರುತ್ತಾರೆ. ನನ್ನ ವೇಗ 30ರ ಆಸುಪಾಸು. ಪದಗಳ ನೆನಪು ಅದಕ್ಕಿಂತ ಸ್ವಲ್ಪ ಮೇಲೆ. ಆಕಾರಗಳ ನೆನಪು 50ಕ್ಕಿಂತ ಜಾಸ್ತಿ. ನನ್ನದೇ ಕಾಯಿಲೆ ಇರುವ ಎಷ್ಟೋ ಜನ ಎಲ್ಲದರಲ್ಲೂ ಸರಾಸರಿಯೊಳಗೇ ಇರುತ್ತಾರೆ, ಕಾಯಿಲೆ ಇಲ್ಲದ ಕೆಲವರು ನನಗಿಂತ ಕೆಳಗಿರುತ್ತಾರೆ ಎಂದೂ ಹೇಳಿದರು. ಕಾಯಿಲೆಯ ಹೆಸರಿಗೂ ಈ ಅಳತೆಗಳಿಗೂ ಸರಿಯಾಗಿ ತಾಳೆಯಾಗುವುದಿಲ್ಲ. ಬಿ-ಸ್ನಿಪ್ ಎಂಬ ಅಮೆರಿಕದ ಸಂಶೋಧನಾ ಜಾಲ 2016ರಲ್ಲಿ ಇಂಥ ಅಳತೆಗಳಿಂದಲೇ ರೋಗಿಗಳನ್ನು ಮೂರು ಗುಂಪು ಮಾಡಿದಾಗ, ಸ್ಕಿಜೋಫ್ರೇನಿಯಾದವರೂ, ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್‌ನವರೂ ಮೂರರಲ್ಲೂ ಹಂಚಿಹೋಗಿದ್ದರು.

ನಾನು ಕೇಳಿಕೊಂಡು ಹೋದ ಸಂಖ್ಯೆ ಸಿಗಲಿಲ್ಲ. ಸಿಕ್ಕ ಸಂಖ್ಯೆ ಬೇರೆ, ಮತ್ತು ಅದರಿಂದ ಕೆಲಸ ಆಯಿತು. ಕೈ ನಡುಕಕ್ಕೆಂದು ಕೊಡುತ್ತಿದ್ದ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ನೆನಪನ್ನು ಮಂಕು ಮಾಡುವ ಬಗೆಯದು. ಅಂಕಪಟ್ಟಿ ನೋಡಿದ ನನ್ನ ವೈದ್ಯರು ಅದನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು. ನಡುಕ ಮರಳಲಿಲ್ಲ. ಸೈಕೋಸಿಸ್‌ಗೆ ಕೊಡುವ ಮುಖ್ಯ ಮಾತ್ರೆಯನ್ನು ಮುಟ್ಟಲಿಲ್ಲ. ನಿಧಾನ ಎಂಬ ಒಂದೇ ಕಾರಣಕ್ಕೆ ಅದನ್ನು ನೀವೇ ನಿಲ್ಲಿಸಬೇಡಿ, ಕಾಯಿಲೆ ಮರಳಿದರೆ ಇನ್ನಷ್ಟು ಕಳೆದುಕೊಳ್ಳುತ್ತೀರಿ ಎಂದು ಖಡಾಖಂಡಿತ ಹೇಳಿದರು. ಪರೀಕ್ಷೆಗಳಲ್ಲಿ ಹೆಚ್ಚು ಸಮಯ ಕೊಡಿ ಎಂದು ಕಾಲೇಜಿಗೆ ಪತ್ರ ಬರೆದುಕೊಟ್ಟರು. ನೆನಪು, ಗಮನ ಸುಧಾರಿಸುವ ಕಾಗ್ನಿಟಿವ್ ರೆಮಿಡಿಯೇಶನ್ ತರಬೇತಿಗೂ ಸೇರಿದೆ. ಅಲ್ಲಿ ಕಂಪ್ಯೂಟರ್ ಆಟಗಳಿಗಿಂತ ನನಗೆ ಉಪಯೋಗವಾದದ್ದು, ಓದುವ ಮೊದಲೇ ವಿಷಯವನ್ನು ಗುಂಪು ಮಾಡಿ, ಚಿತ್ರ ಬರೆದುಕೊಳ್ಳುವ ಅಭ್ಯಾಸ. ಆಕಾರಗಳ ನೆನಪು ಚೆನ್ನಾಗಿದೆ ಎಂದು ತಿಳಿದಿದ್ದರಿಂದ ಬಂದ ಉಪಾಯ ಅದು. ಮನೆಯಲ್ಲೂ ‘ಬೇಗ ಬೇಗ’ ಅನ್ನುವುದು ಕಡಿಮೆಯಾಗಿದೆ. ಅಮ್ಮ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಾರೆ.

ಎರಡನೆಯ ಸುತ್ತಿಗೆ ಕರೆ ಬಂದಿದೆ. ಪಟ್ಟಿ ಬಾಯಿಪಾಠ ಆಗಿರಬಾರದೆಂದು ಈ ಸಲ ಬೇರೆ 12 ಪದಗಳನ್ನು ಓದುತ್ತಾರಂತೆ. ಇಇಜಿ, ರಕ್ತ, ಮೇಜಿನ ಪರೀಕ್ಷೆಗಳಿಗೆ ಒಪ್ಪಿದ್ದೇನೆ. ಎಂಆರ್‌ಐ ಮತ್ತು ಎಂಜಲಿನ ಕೊಳವೆ ಬೇಡ ಎಂದು ಬರೆದು ಕಳಿಸಿದ್ದೇನೆ. ಆಗಲಿ ಎಂದು ಉತ್ತರ ಬಂದಿದೆ.